ಹಾರ್ಲೆಂನ ಭಾನುವಾರದ ಸೋಲ್ ಬ್ರಂಚ್‌ಗೆ ಅಪ್ಪ ಅಮ್ಮನ ಜೊತೆ ಹೋಗಬೇಕು, ಹೋದವರು ಹೇಳಿ

ಎಡಿಸನ್_ಮೈಸೂರು

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ, ನಮ್ಮ ಜೊತೆ ಆಗಸ್ಟ್ ಕೊನೆಯವರೆಗೆ ಇರುತ್ತಾರೆ. ನಯಾಗರ, ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ ಎಲ್ಲ ಆಯಿತು. ಅಪ್ಪನಿಗೆ ಸಂಗೀತ ಅಂದರೆ ಪ್ರಾಣ, ಯಾವ ಭಾಷೆಯದಾದರೂ ಸರಿ. ನ್ಯೂಯಾರ್ಕಿನ ಹಾರ್ಲೆಂನ ಕೆಲವು ಹೋಟೆಲುಗಳಲ್ಲಿ ಭಾನುವಾರ ತಿಂಡಿ-ಊಟದ ಜೊತೆ ಲೈವ್ ಆಗಿ ಸೋಲ್ ಮತ್ತು ಗಾಸ್ಪೆಲ್ ಅನ್ನುವ ಅಮೆರಿಕದ ಕಪ್ಪು ಜನರ ಸಂಗೀತ ಹಾಡುತ್ತಾರಂತೆ, ಆಫೀಸಿನಲ್ಲಿ ಒಬ್ಬರು ಕರೆದುಕೊಂಡು ಹೋಗು ಅಂದರು. ಆದರೆ ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅಲ್ಲಿ ಏನಾದರೂ ತಿನ್ನಲು ಸಿಗುತ್ತಾ? ಸೋಲ್ ಅಂದರೆ ಏನು ಅಂತ ಗೊತ್ತಿಲ್ಲದವರು ಕೂತು ಕೇಳಬಹುದಾ? ನಾವಿರುವ ನ್ಯೂಜೆರ್ಸಿಯ ಎಡಿಸನ್‌ನಿಂದ ಹೋಗುವುದು ಹೇಗೆ?

ಲೆನಾಕ್ಸ್_ಕೇಳುಗ

ಖಂಡಿತ ಹೋಗಿ. ನಾನು ಆ ಏರಿಯಾದ ಹತ್ತಿರವೇ ಇರೋದು, ಈ ವಿಷಯ ಅಂದರೆ ನನಗೆ ಮಾತು ಜಾಸ್ತಿ, ಓದಿಕೊಳ್ಳಿ.

ಮೊದಲು ದಾರಿ ಹೇಳಿಬಿಡ್ತೀನಿ. ಎಡಿಸನ್‌ನಿಂದ ಎನ್‌ಜೆ ಟ್ರಾನ್ಸಿಟ್ ರೈಲು ಹಿಡಿದು ನ್ಯೂಯಾರ್ಕ್ ಪೆನ್ ಸ್ಟೇಷನ್, ಅಲ್ಲಿಂದ 2 ಅಥವಾ 3ನೇ ನಂಬರಿನ ಸಬ್‌ವೇ ರೈಲು, 125ನೇ ಸ್ಟ್ರೀಟ್‌ನಲ್ಲಿ ಇಳಿಯಿರಿ. ಮೇಲೆ ಬಂದರೆ ಲೆನಾಕ್ಸ್ ಅವೆನ್ಯೂ. ಬೋರ್ಡಿನಲ್ಲಿ ಮಾಲ್ಕಂ ಎಕ್ಸ್ ಬುಲೆವಾರ್ಡ್ ಅಂತಲೂ ಇರುತ್ತದೆ, ಎರಡೂ ಒಂದೇ ರಸ್ತೆ. ಶನಿವಾರ ಭಾನುವಾರ ರಿಪೇರಿ ಅಂತ ಸಬ್‌ವೇ ರೂಟು ಬದಲಾಗುವುದುಂಟು, ಹೊರಡುವ ಮುಂಚೆ ನೋಡಿಕೊಳ್ಳಿ.

ಎರಡು ಹೆಸರು ಎಲ್ಲರೂ ಹೇಳುತ್ತಾರೆ. ಒಂದು ಸಿಲ್ವಿಯಾಸ್. ಇನ್ನೊಂದು ಅದೇ ಸಾಲಿನಲ್ಲಿರುವ ರೆಡ್ ರೂಸ್ಟರ್, ಇಥಿಯೋಪಿಯಾದಲ್ಲಿ ಹುಟ್ಟಿ ಸ್ವೀಡನ್‌ನಲ್ಲಿ ಬೆಳೆದ ಮಾರ್ಕಸ್ ಸ್ಯಾಮುಯೆಲ್ಸನ್ 2010ರಲ್ಲಿ ತೆರೆದದ್ದು. ಸಿಲ್ವಿಯಾಸ್ ಕತೆಯನ್ನು ನಿಮ್ಮ ಅಮ್ಮನಿಗೆ ರೈಲಿನಲ್ಲೇ ಹೇಳಿ. ಸಿಲ್ವಿಯಾ ವುಡ್ಸ್ ಸೌತ್ ಕೆರೊಲಿನಾದ ಹೆಮಿಂಗ್‌ವೇ ಅನ್ನುವ ಸಣ್ಣ ಊರಿನವರು. ಹಾರ್ಲೆಂನ ಒಂದು ಪುಟ್ಟ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಆ ಹೋಟೆಲನ್ನೇ ಕೊಳ್ಳುವ ಅವಕಾಶ ಬಂದಾಗ ಅವರ ತಾಯಿ ಊರಿನ ಹೊಲ ಅಡ ಇಟ್ಟು ದುಡ್ಡು ಕೊಟ್ಟರು. ಅದು 1962. ಸಿಲ್ವಿಯಾ ಅವರು 2012ರಲ್ಲಿ ತೀರಿಕೊಂಡರು, ಹೋಟೆಲು ಇವತ್ತಿಗೂ ಕುಟುಂಬದ ಕೈಯಲ್ಲೇ ಇದೆ.

ಎಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಯಾರು ಹಾಡುತ್ತಾರೆ ಅನ್ನುವುದು ಬದಲಾಗುತ್ತಿರುತ್ತದೆ. ಫೋನ್ ಮಾಡಿ ಕೇಳಿಯೇ ಟೇಬಲ್ ಬುಕ್ ಮಾಡಿ. ಸಂಗೀತ ಇಲ್ಲದ ವಾರ ಹೋದರೆ ಬರೀ ಊಟ ಆಗುತ್ತದೆ.

ಜೋಳದರೊಟ್ಟಿ

ಊಟದ ಬಗ್ಗೆ ನಾನು ಹೇಳ್ತೀನಿ. ನಾನು ಸಸ್ಯಾಹಾರಿ, ನನ್ನ ಗಂಡ ಎಲ್ಲ ತಿನ್ನುತ್ತಾರೆ, ಹಾಗಾಗಿ ಎರಡೂ ಕಡೆ ನೋಡಿದ್ದೇನೆ.

ಸೊಪ್ಪು ಅಂದ ತಕ್ಷಣ ನಂಬಬೇಡಿ. ಕಾಲರ್ಡ್ ಗ್ರೀನ್ಸ್ ಅನ್ನುವ ದಪ್ಪ ಎಲೆಯ ಸೊಪ್ಪನ್ನು ಹಳೇ ಪದ್ಧತಿಯಲ್ಲಿ ಹೊಗೆಯಾಡಿಸಿದ ಹಂದಿ ಮಾಂಸ ಅಥವಾ ಟರ್ಕಿ ಕೋಳಿಯ ತುಂಡು ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅಲಸಂದೆ ಕಾಳಿಗೂ ಅದೇ ಕತೆ. ನೋಡಲು ತುಂಡು ಕಾಣುವುದಿಲ್ಲ, ರಸ ಎಲ್ಲ ಇಳಿದಿರುತ್ತದೆ. ಈಗ ಕೆಲವು ಕಡೆ ಮಾಂಸ ಇಲ್ಲದೆಯೂ ಮಾಡುತ್ತಾರೆ, ಬಾಯಿಬಿಟ್ಟು ಕೇಳಿ. "ವೆಜಿಟೇರಿಯನ್ನಾ" ಅಂತ ಕೇಳುವುದಕ್ಕಿಂತ "ಇದರಲ್ಲಿ ಹಂದಿ, ಟರ್ಕಿ, ಚಿಕನ್ ಸ್ಟಾಕ್ ಇದೆಯಾ" ಅಂತ ಒಂದೊಂದೇ ಕೇಳಿ. ಬಡಿಸುವವರು ಬೇಜಾರು ಮಾಡಿಕೊಳ್ಳುವುದಿಲ್ಲ, ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ.

ಮೊಟ್ಟೆ ವಿಷಯ ಇನ್ನೂ ಕಷ್ಟ. ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ, ಕಾರ್ನ್‌ಬ್ರೆಡ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ, ಅಮೆರಿಕದ ದಕ್ಷಿಣದ ಕಡೆ ಮಾಡುವ ಮ್ಯಾಕ್ ಅಂಡ್ ಚೀಸ್‌ಗೂ ಎಷ್ಟೋ ಸಲ ಮೊಟ್ಟೆ ಹಾಕಿ ಓವನ್‌ನಲ್ಲಿ ಬೇಯಿಸುತ್ತಾರೆ. ಅಮ್ಮನಿಗೆ ಹೊಂದುವುದು ಗ್ರಿಟ್ಸ್. ಮೆಕ್ಕೆಜೋಳದ ರವೆಯನ್ನು ಮೆತ್ತಗೆ ಬೇಯಿಸಿ ಬೆಣ್ಣೆ ಹಾಕಿ ಕೊಡುತ್ತಾರೆ. ನೀರಿನಲ್ಲಿ ಬೇಯಿಸಿದ್ದಾ ಅಂತ ಮಾತ್ರ ಕೇಳಿ. ಮೇಲೆ ಸ್ವಲ್ಪ ಹಾಟ್ ಸಾಸ್ ಹಾಕಿಕೊಂಡರೆ ನಮ್ಮವರಿಗೆ ಇಳಿಯುತ್ತದೆ. ಇನ್ನೊಂದು ಕ್ಯಾಂಡೀಡ್ ಯಾಮ್ಸ್, ಅಂದರೆ ಗೆಣಸನ್ನು ಬೆಣ್ಣೆ, ಸಕ್ಕರೆ, ಚಕ್ಕೆಪುಡಿ ಹಾಕಿ ಬೇಯಿಸಿದ್ದು. ನನಗೆ ತುಂಬ ಇಷ್ಟ. ಇವೆರಡು, ಹಣ್ಣು, ಆಲೂಗಡ್ಡೆ, ಕಾಫಿ. ಹೊಟ್ಟೆ ತುಂಬುತ್ತದೆ.

ಅಪ್ಪ ಚಿಕನ್ ತಿನ್ನುವವರಾದರೆ ಚಿಕನ್ ಅಂಡ್ ವಾಫಲ್ಸ್ ಬಿಡಬೇಡಿ. ಹಾರ್ಲೆಂನಲ್ಲಿ 1938ರಲ್ಲಿ ಶುರುವಾದ ವೆಲ್ಸ್ ಅನ್ನುವ ಹೋಟೆಲು ಅದಕ್ಕೆ ಹೆಸರುವಾಸಿಯಾಗಿತ್ತು. ರಾತ್ರಿಯೆಲ್ಲ ನುಡಿಸಿದ ಜಾಝ್ ಕಲಾವಿದರು ಬರುವ ಹೊತ್ತಿಗೆ ರಾತ್ರಿ ಊಟದ ಹೊತ್ತು ಮೀರಿರುತ್ತಿತ್ತು, ಬೆಳಗಿನ ತಿಂಡಿಗೆ ಇನ್ನೂ ಟೈಮ್ ಇರುತ್ತಿತ್ತು. ಅವರಿಗೆ ರಾತ್ರಿಯ ಚಿಕನ್, ಬೆಳಗಿನ ವಾಫಲ್ ಎರಡನ್ನೂ ಒಂದೇ ತಟ್ಟೆಯಲ್ಲಿ ಕೊಡುತ್ತಿದ್ದರು ಅಂತ ಹೇಳುತ್ತಾರೆ. ಸಂಗೀತಗಾರರ ಹಸಿವಿನ ಹೊತ್ತು ನೋಡಿ ಬಡಿಸಿದ ಊಟ ಅನ್ನುವುದು ನನಗೆ ಬಹಳ ಇಷ್ಟದ ವಿಷಯ.

ಎಡಿಸನ್_ಮೈಸೂರು

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ಅಪ್ಪ ಚಿಕನ್ ಇಲ್ಲ, ಮೊಟ್ಟೆ ತಿನ್ನುತ್ತಾರೆ. ಖರ್ಚು ಎಷ್ಟಾಗಬಹುದು?

ಹಡ್ಸನ್_ದಂಡೆ

ಮೆನು ನೋಡಿ ಲೆಕ್ಕ ಹಾಕಿದರೆ ಬಿಲ್ ಬಂದಾಗ ಗಾಬರಿಯಾಗುತ್ತದೆ. ಊಟದ ಮೇಲೆ 8.875 ಶೇಕಡಾ ತೆರಿಗೆ. ಟಿಪ್ 18ರಿಂದ 20 ಶೇಕಡಾ. ಗುಂಪು ದೊಡ್ಡದಾದರೆ ಟಿಪ್ ಬಿಲ್‌ನಲ್ಲೇ ಸೇರಿರುತ್ತದೆ, ನೋಡದೆ ಎರಡನೇ ಸಲ ಕೊಡಬೇಡಿ. ಕೆಲವು ಕಡೆ ಮ್ಯೂಸಿಕ್ ಚಾರ್ಜ್ ಅಂತ ತಲೆಗೆ ಇಷ್ಟು ಅಂತ ಬೇರೆ ಹಾಕುತ್ತಾರೆ. ಇದರ ಮೇಲೆ ಹಾಡುವವರ ಡಬ್ಬಿಗೆ ಕ್ಯಾಶ್ ಹಾಕಿ. ಅದು ನೇರವಾಗಿ ಅವರಿಗೇ ಹೋಗುತ್ತದೆ. ಚಿಲ್ಲರೆ ಡಾಲರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಬುಕ್ ಮಾಡುವಾಗ ಇದನ್ನೂ ಕೇಳಿ: ಟೇಬಲ್ ಎಷ್ಟು ಹೊತ್ತು ನಮ್ಮದು? ನಾವು ಹೋದ ಒಂದು ಕಡೆ (ಹೆಸರು ಬೇಡ) ತೊಂಬತ್ತು ನಿಮಿಷಕ್ಕೆ ಎಬ್ಬಿಸಿದರು. ಮೊದಲ ಸೆಟ್ ಮುಗಿದು, ಬ್ಯಾಂಡ್ ವಿರಾಮ ತೆಗೆದುಕೊಂಡು, ಎರಡನೇ ಸೆಟ್ ಕಾವೇರುತ್ತಿದ್ದ ಹೊತ್ತಿಗೆ ಬಿಲ್ ತಂದಿಟ್ಟರು. ಎರಡನೇ ಸೆಟ್ಟೇ ಯಾವಾಗಲೂ ಚೆನ್ನಾಗಿರೋದು ಅಲ್ವಾ. ಅಷ್ಟು ದೂರ ಹೋಗಿ ಅದನ್ನು ಬಿಟ್ಟು ಬರಬೇಕಾದರೆ ಸಿಟ್ಟು ಬರುತ್ತದೆ.

ಕುಂದಾಪ್ರ_ಗಾಳಿ

ಎಲ್ಲರೂ ಹೋಗಿ ಹೋಗಿ ಅಂತಿದ್ದೀರಿ, ನನಗೆ ಒಂದು ವಿಷಯ ಸರಿ ಕಾಣುವುದಿಲ್ಲ, ಹೇಳಿಬಿಡ್ತೀನಿ. ಗಾಸ್ಪೆಲ್ ಅಂದರೆ ಚರ್ಚಿನ ಹಾಡು. ದೇವರನ್ನು ಕರೆದು ಹಾಡುವುದು. ಅದನ್ನು ಪ್ರವಾಸಿಗರು ಮಿಮೋಸ ಅನ್ನುವ ಮದ್ಯ ಕುಡಿಯುತ್ತಾ, ವಿಡಿಯೋ ಮಾಡುತ್ತಾ ನೋಡುವುದು ಹೇಗೆ ಸರಿ? ನಮ್ಮ ಊರಿನ ದೇವಸ್ಥಾನದ ಸೇವೆಯನ್ನು ಯಾರಾದರೂ ಬಾರಿನಲ್ಲಿ ಇಟ್ಟರೆ ನಾವು ಸುಮ್ನೆ ಇರ್ತೀವಾ? ನಾನು ಒಮ್ಮೆ ಹೋಗಿದ್ದೆ. ಪಕ್ಕದ ಟೇಬಲಿನವರು ಹಾಡಿನ ನಡುವೆ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಹಾಡುತ್ತಿದ್ದ ಹೆಂಗಸು ಕಣ್ಣು ಮುಚ್ಚಿ ಹಾಡುತ್ತಿದ್ದರು. ನನಗೆ ತಿನ್ನಲು ಆಗಲಿಲ್ಲ.

ಲೆನಾಕ್ಸ್_ಕೇಳುಗ

ನಿಮ್ಮ ಮಾತು ಗಟ್ಟಿಯಾದದ್ದು, ಮತ್ತು ಇದು ಹಳೇ ಜಗಳ. ಸಿಸ್ಟರ್ ರೊಸೆಟಾ ಥಾರ್ಪ್ 1938ರಲ್ಲಿ ಕಾಟನ್ ಕ್ಲಬ್‌ನಲ್ಲಿ, ಅಂದರೆ ಕುಡಿತ ಕುಣಿತದ ಜಾಗದಲ್ಲಿ, ಗಿಟಾರ್ ಹಿಡಿದು ಗಾಸ್ಪೆಲ್ ಹಾಡಿದಾಗ ಚರ್ಚಿನವರಿಗೆ ಸಿಟ್ಟು ಬಂದಿತ್ತು. ರೇ ಚಾರ್ಲ್ಸ್ 1954ರಲ್ಲಿ ಗಾಸ್ಪೆಲ್ ಹಾಡಿನ ಧಾಟಿಗೆ ಪ್ರೇಮದ ಮಾತು ಹಾಕಿ ಹಾಡಿದಾಗಲೂ ಅದೇ. ಸ್ಯಾಮ್ ಕುಕ್ ದೊಡ್ಡ ಗಾಸ್ಪೆಲ್ ತಂಡದ ಮುಖ್ಯ ಗಾಯಕ, 1957ರಲ್ಲಿ ಚರ್ಚ್ ಬಿಟ್ಟು ಹೊರಗಿನ ಹಾಡಿಗೆ ಬಂದಾಗ ಎಷ್ಟೋ ಅಭಿಮಾನಿಗಳು ದೂರವಾದರು. ಸೋಲ್ ಹುಟ್ಟಿದ್ದೇ ಈ ಜಗಳದಲ್ಲಿ. ದನಿ, ಉಸಿರು, ಕೂಗು, ಚಪ್ಪಾಳೆ ಎಲ್ಲ ಚರ್ಚಿನದು, ಮಾತು ಮನುಷ್ಯರದು.

ಅರೆಥಾ ಫ್ರಾಂಕ್ಲಿನ್ ಡೆಟ್ರಾಯಿಟ್‌ನ ಪಾದ್ರಿಯ ಮಗಳು, ಅಪ್ಪನ ಚರ್ಚಿನಲ್ಲಿ ಹಾಡಿ ಬೆಳೆದವರು. ಸೋಲ್ ರಾಣಿ ಅಂತ ಜಗತ್ತೆಲ್ಲ ಒಪ್ಪಿದ ಮೇಲೆ, 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ, ಜನರ ಎದುರೇ ಪೂರ್ತಿ ಗಾಸ್ಪೆಲ್ ಆಲ್ಬಂ ಹಾಡಿ ರೆಕಾರ್ಡ್ ಮಾಡಿದರು. ಅವರಿಗೆ ಎರಡರ ನಡುವೆ ಬಾಗಿಲು ತೆರೆದೇ ಇತ್ತು.

ಬ್ರಂಚ್‌ನಲ್ಲಿ ಹಾಡುವವರಿಗೆ ಅದು ಕೆಲಸ, ಸಂಬಳ. ಅದನ್ನು ನಾವು ಬೇಡ ಅನ್ನಲು ಆಗುವುದಿಲ್ಲ. ನಾವು ಹೇಗೆ ಕೂತುಕೊಳ್ಳುತ್ತೇವೆ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಫೋನಿನಲ್ಲಿ ಮಾತಾಡಿದವರ ಬಗ್ಗೆ ನಿಮ್ಮ ಸಿಟ್ಟು ನನ್ನ ಸಿಟ್ಟೂ ಹೌದು. ನನ್ನ ಪ್ರಕಾರ ಈ ಸಂಗೀತಕ್ಕೆ ಕೇಳುಗ ಅರ್ಧ ಬ್ಯಾಂಡ್. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ಎತ್ತಿಕೊಳ್ಳದಿದ್ದರೆ ಹೇಳಿಕೊಡುವವರು ಎಷ್ಟು ಹೊತ್ತು ಹಾಡಲು ಸಾಧ್ಯ ಹೇಳಿ? ಇಲ್ಲೂ ಹಾಗೆಯೇ. ಹಾಡುವವರು ಒಂದು ಸಾಲು ಎಸೆಯುತ್ತಾರೆ, ನಾವು ಉತ್ತರ ಕೊಡಬೇಕು. "ಹೌದು", "ಹಾಡಮ್ಮ", ಒಂದು ಚಪ್ಪಾಳೆ, ಏನಾದರೂ. ಜನ ಉತ್ತರ ಕೊಟ್ಟ ದಿನ ಅದೇ ಹಾಡು ಎರಡು ಪಟ್ಟು ಉದ್ದವಾಗುತ್ತದೆ. ಕೊಡದ ದಿನ ಮೂರು ನಿಮಿಷಕ್ಕೆ ಮುಗಿಸಿ ಮುಂದೆ ಹೋಗುತ್ತಾರೆ. ನಾನು ಎರಡನ್ನೂ ನೋಡಿದ್ದೇನೆ.

ತಬಲಾ_ಮನೆ

ಚಪ್ಪಾಳೆ ಅಂದಿರಲ್ಲ, ಅದರ ಬಗ್ಗೆ ಹೇಳಲೇಬೇಕು. ನಾಲ್ಕು ಎಣಿಕೆಯ ಲಯ. ನಮ್ಮ ಸಂಗೀತ ಕೇಳಿ ಬೆಳೆದವರ ಕೈ ತಾನಾಗಿಯೇ ಒಂದರ ಮೇಲೆ ಬೀಳುತ್ತದೆ, ಸಮ ಅಲ್ಲೇ ಇರುವುದರಿಂದ. ಇಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕರ ಮೇಲೆ. ಡ್ರಮ್ಮರ್‌ನ ಎಡಗೈ ಸ್ನೇರ್ ಅನ್ನುವ ಡ್ರಮ್ ಮೇಲೆ ಬೀಳುವುದೂ ಅಲ್ಲೇ. ಒಂದು ಮತ್ತು ಮೂರನ್ನು ಕಾಲಿನಲ್ಲಿ ಇಟ್ಟುಕೊಳ್ಳಿ, ಎರಡು ಮತ್ತು ನಾಲ್ಕಕ್ಕೆ ಕೈ ತಟ್ಟಿ. ಎರಡು ಹಾಡು ಕಳೆಯುವಷ್ಟರಲ್ಲಿ ಮೈಗೆ ಹತ್ತುತ್ತದೆ. ಇಡೀ ಹಾಲ್ ಒಂದರ ಮೇಲೆ ತಟ್ಟಲು ಶುರು ಮಾಡಿದರೆ ಡ್ರಮ್ಮರ್ ಎರಡು-ನಾಲ್ಕನ್ನು ಇನ್ನಷ್ಟು ಜೋರಾಗಿ ಹೊಡೆದು ಜನರನ್ನು ದಾರಿಗೆ ತರುತ್ತಾರೆ, ಗಮನಿಸಿ.

ಇನ್ನೊಂದು ಕೇಳಬೇಕಾದ್ದು ಆರ್ಗನ್. ಹ್ಯಾಮಂಡ್ ಆರ್ಗನ್ 1935ರಲ್ಲಿ ಮಾರುಕಟ್ಟೆಗೆ ಬಂತು. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳು ಇದನ್ನು ತಂದುಕೊಂಡವು, ಅಲ್ಲಿಂದ ಅದು ಸೋಲ್‌ಗೆ ಬಂತು. ಅದರ ಜೊತೆ ಲೆಸ್ಲಿ ಅನ್ನುವ ಸ್ಪೀಕರ್ ಇರುತ್ತದೆ, ಮರದ ಪೆಟ್ಟಿಗೆಯೊಳಗೆ ಕಹಳೆಯಂಥ ಭಾಗ ಗರಗರ ತಿರುಗುತ್ತದೆ. ದನಿ ನಡುಗುವುದು ಆ ಕಾರಣಕ್ಕೆ. ನುಡಿಸುವವರು ಸ್ವಿಚ್ ಒತ್ತಿ ವೇಗ ಹೆಚ್ಚಿಸಿದಾಗ ಹಾಡು ಮೇಲಕ್ಕೆ ಏಳುವುದು ಗೊತ್ತಾಗುತ್ತದೆ. ಬ್ರಂಚ್ ಜಾಗದಲ್ಲಿ ನಿಜವಾದ ಹ್ಯಾಮಂಡ್ ಇರುವುದು ಕಡಿಮೆ, ಜಾಗ ತಿನ್ನುತ್ತದೆ, ಭಾರ ಬೇರೆ. ಕೀಬೋರ್ಡ್‌ನಲ್ಲೇ ಆ ದನಿ ತರಿಸುತ್ತಾರೆ. ಅಪ್ಪನಿಗೆ ಹೇಳಿ, ಕೀಬೋರ್ಡ್ ನುಡಿಸುವವರ ಕೈ ಕಾಣುವ ಕಡೆ ಕೂರಲಿ.

ವೈಟ್‌ಫೀಲ್ಡ್_ವಾಸಿ

ಬೆಂಗಳೂರಿನಿಂದ ಓದುತ್ತಿದ್ದೇನೆ. ಇಲ್ಲೂ ಭಾನುವಾರದ ಬ್ರಂಚ್ ಅಂದರೆ ದೊಡ್ಡ ಹೋಟೆಲುಗಳಲ್ಲಿ ಲೈವ್ ಮ್ಯೂಸಿಕ್ ಇರುತ್ತದೆ. ಆದರೆ ಬಹಳ ಕಡೆ ಹಾಡುವವರನ್ನು ಬಫೆ ಸಾಲಿನ ಪಕ್ಕ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಜನ ತಟ್ಟೆ ಹಿಡಿದು ಅವರ ಮುಂದೆಯೇ ಓಡಾಡುತ್ತಾರೆ. ಒಂದು ಹೋಟೆಲಿನಲ್ಲಿ ಎಷ್ಟು ಚೆನ್ನಾಗಿ ಹಾಡುತ್ತಿದ್ದ ಹುಡುಗಿಗೆ ಮ್ಯಾನೇಜರ್ ಬಂದು ಸೌಂಡ್ ಕಡಿಮೆ ಮಾಡಿ ಅಂದರು. ಹಾಡು ಮುಗಿದಾಗ ಚಪ್ಪಾಳೆ ತಟ್ಟಿದ್ದು ನಮ್ಮ ಟೇಬಲ್ ಒಂದೇ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ತರಹ ಸಂಗೀತಕ್ಕಾಗಿಯೇ ಜಾಗ ಕಟ್ಟಿದ ಕಡೆ ಜನ ಕೂತು ಕೇಳುತ್ತಾರೆ. ಹಾಗಾದರೆ ತೊಂದರೆ ಕೇಳುಗರದಲ್ಲ, ವೇದಿಕೆ ಎಲ್ಲಿಟ್ಟಿದ್ದಾರೆ ಅನ್ನುವುದು ಅಂತ ನನಗೆ ಅನ್ನಿಸುತ್ತದೆ.

ಲೆನಾಕ್ಸ್_ಕೇಳುಗ

ಇದು ನಿಜ. ಇಲ್ಲೂ ಟೇಬಲ್ ಎಲ್ಲಿ ಸಿಕ್ಕಿತು ಅನ್ನುವುದರ ಮೇಲೆ ಇಡೀ ಅನುಭವ ನಿಂತಿರುತ್ತದೆ. ಎಡಿಸನ್ ಅವರೇ, ಬುಕ್ ಮಾಡುವಾಗ "ಸಂಗೀತ ಕೇಳಲು ಬರುತ್ತಿದ್ದೇವೆ, ಬ್ಯಾಂಡ್ ಕಾಣಬೇಕು, ಆದರೆ ಸ್ಪೀಕರ್ ಎದುರು ಬೇಡ, ವಯಸ್ಸಾದವರಿದ್ದಾರೆ" ಅಂತ ಹೇಳಿ. ಸ್ಪೀಕರ್ ಎದುರು ಕೂತರೆ ಮಾತೂ ಕೇಳಿಸುವುದಿಲ್ಲ, ತಲೆನೋವು ಖಾತ್ರಿ.

ಎಡಿಸನ್_ಮೈಸೂರು

ಹೋಗಿ ಬಂದೆವು! ನೀವೆಲ್ಲ ಇಷ್ಟು ಹೇಳಿಕೊಟ್ಟಿದ್ದೀರಿ, ಪೂರ್ತಿ ಬರೆಯಲೇಬೇಕು.

ಬೆಳಗ್ಗೆ ಬೇಗ ಹೊರಟೆವು. 125ನೇ ಸ್ಟ್ರೀಟ್‌ನಲ್ಲಿ ಇಳಿದು ಮೊದಲು ಅಪೊಲೊ ಥಿಯೇಟರ್ ಮುಂದೆ ಹೋದೆವು. ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ 1934ರಲ್ಲಿ ಅಲ್ಲಿನ ಅಮೆಚೂರ್ ನೈಟ್ ಅನ್ನುವ ಹೊಸಬರ ಸ್ಪರ್ಧೆಯಲ್ಲಿ ಗೆದ್ದದ್ದು, ಸೋಲ್ ಗಾಯಕ ಜೇಮ್ಸ್ ಬ್ರೌನ್ 1962ರಲ್ಲಿ ಅಲ್ಲಿ ಹಾಡಿದ್ದೇ ಲೈವ್ ಆಲ್ಬಂ ಆದದ್ದು ಎಲ್ಲ ಓದಿಕೊಂಡು ಹೋಗಿದ್ದೆ, ಹೇಳಿದೆ. ಅಪ್ಪ ಫುಟ್‌ಪಾತಿನಲ್ಲಿ ಕಲಾವಿದರ ಹೆಸರು ಕೆತ್ತಿದ ಫಲಕಗಳನ್ನು ಒಂದೊಂದಾಗಿ ಓದುತ್ತಾ ನಿಂತರು. ಚರ್ಚಿಗೆ ಹೋಗುವ ಹಿರಿಯ ಹೆಂಗಸರು ಬಿಳಿ ಬಟ್ಟೆ, ದೊಡ್ಡ ಟೋಪಿ ಹಾಕಿಕೊಂಡು ನಡೆದು ಹೋಗುತ್ತಿದ್ದರು. ಎಷ್ಟು ಅಂದವಾಗಿ ಬಂದಿದ್ದಾರೆ ನೋಡು, ನಾನೂ ರೇಷ್ಮೆ ಸೀರೆ ಉಡಬಹುದಿತ್ತು ಅಂದರು ಅಮ್ಮ.

ಟೇಬಲ್ ಗೋಡೆ ಪಕ್ಕ ಸಿಕ್ಕಿತು, ಬ್ಯಾಂಡ್ ಓರೆಯಾಗಿ ಕಾಣುತ್ತಿತ್ತು. ಕೀಬೋರ್ಡ್, ಬೇಸ್, ಡ್ರಮ್ಸ್, ಹಾಡಲು ಒಬ್ಬರು ಹೆಂಗಸು. ಮೊದಲ ಎರಡು ಹಾಡು ಅಮ್ಮ ಕಿವಿಗೆ ಸೆರಗು ಹಿಡಿದುಕೊಂಡೇ ಕೂತಿದ್ದರು, ಸೌಂಡ್ ಜಾಸ್ತಿ ಆಯಿತು. ನಿಧಾನದ ಹಾಡು ಬಂದಾಗ ಸೆರಗು ಇಳಿಯಿತು. ಅಪ್ಪ ಕಾಲಿನಲ್ಲಿ ಒಂದು-ಮೂರು, ಕೈಯಲ್ಲಿ ಎರಡು-ನಾಲ್ಕು ಹಿಡಿದುಬಿಟ್ಟರು, ತಬಲಾ ಮನೆಯವರಿಗೆ ವಿಶೇಷ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಒಂದು ಹಾಡಿನಲ್ಲಿ ಹಾಡುವವರು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾ, ಪ್ರತಿ ಸಲ ಒಂದು ಸಣ್ಣ ತಿರುವು ಕೊಡುತ್ತಾ ಹೋದರು. ಅಪ್ಪ ನನ್ನ ಕಡೆ ಬಾಗಿ "ಇದು ನೆರವಲ್ ಕಣೋ" ಅಂದರು. ಆಮೇಲೆ ಮಾತೇ ಆಡಲಿಲ್ಲ, ತಟ್ಟೆಯಲ್ಲಿದ್ದ ಆಮ್ಲೆಟ್ ತಣ್ಣಗಾಯಿತು.

ಊಟ: ಸೊಪ್ಪಿನಲ್ಲಿ ಟರ್ಕಿ ಇದೆ ಅಂದರು, ಬಿಟ್ಟೆವು. ಗ್ರಿಟ್ಸ್ ನೀರು ಮತ್ತು ಬೆಣ್ಣೆ ಮಾತ್ರ ಅಂದರು. ಅಮ್ಮ ಅದಕ್ಕೆ ಕೈಚೀಲದಿಂದ ಚಟ್ನಿಪುಡಿ ತೆಗೆದು ಹಾಕಿಕೊಂಡರು. ಬಡಿಸುತ್ತಿದ್ದ ಹುಡುಗಿ ಏನದು ಅಂತ ಕೇಳಿ, ಬೆರಳ ತುದಿಯಲ್ಲಿ ರುಚಿ ನೋಡಿ, ಚೆನ್ನಾಗಿದೆ ಅಂದಳು. ಗೆಣಸು ಅಮ್ಮನಿಗೆ ಸಿಹಿ ಜಾಸ್ತಿ ಆಯಿತು. ಟೇಬಲಿನ ಹೊತ್ತು ಮೊದಲೇ ಕೇಳಿದ್ದರಿಂದ ಎರಡನೇ ಸೆಟ್ ಪೂರ್ತಿ ಸಿಕ್ಕಿತು. ಡಬ್ಬಿಗೆ ದುಡ್ಡು ಅಪ್ಪನೇ ಹೋಗಿ ಹಾಕಿದರು, ಕೈ ಮುಗಿದರು. ಅವರೂ ಮೈಕ್ ಕೆಳಗಿಟ್ಟು ಕೈ ಮುಗಿದರು.

ಕುಂದಾಪ್ರ_ಗಾಳಿ

ಓದಿ ಸಂತೋಷವಾಯಿತು. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಗಾಸ್ಪೆಲ್ ಅನ್ನು ನಾನು ಚರ್ಚಿನಲ್ಲೇ ಕೇಳುತ್ತೇನೆ. ಸೋಲ್ ಹಾಡುವ ಬ್ರಂಚ್‌ಗೆ ಮಾತ್ರ ಇನ್ನೊಮ್ಮೆ ಹೋಗಿ ನೋಡಬೇಕು ಅನ್ನಿಸಿದೆ. ಚರ್ಚಿಗೆ ಹೋಗುವವರು ಇದ್ದರೆ: ಫೋಟೋ ತೆಗೆಯಬೇಡಿ, ಹಾಡು ಮುಗಿದ ತಕ್ಷಣ ಎದ್ದು ಹೋಗಬೇಡಿ, ಪ್ರವಚನ ಮುಗಿಯುವವರೆಗೆ ಕೂತಿರಿ. ಪ್ರವಾಸಿಗರು ನಡುವೆ ಎದ್ದು ಹೋಗುವುದು ಅಲ್ಲಿನವರಿಗೆ ಬಹಳ ನೋವಿನ ವಿಷಯ.

ಜೋಳದರೊಟ್ಟಿ

ಚಟ್ನಿಪುಡಿ! ನನಗೆ ಹೊಳೆದೇ ಇರಲಿಲ್ಲ. ಅಲಸಂದೆ, ಬೆಂಡೆಕಾಯಿ ಎರಡೂ ಆಫ್ರಿಕಾದಿಂದ ಬಂದವು, ಗುಲಾಮರಾಗಿ ಹಿಡಿದು ತಂದ ಜನರ ಜೊತೆ ಅಮೆರಿಕದ ದಕ್ಷಿಣಕ್ಕೆ ಬಂದವು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಬೇರೆ ಕಡೆಗೆ ಹೋದರು. ಹಾರ್ಲೆಂಗೆ ಬಂದವರು ಇದೇ ಅಡುಗೆ, ಇದೇ ಹಾಡು ತಂದರು. ಸಿಲ್ವಿಯಾ ಅವರೂ ಹಾಗೆ ಬಂದವರೇ ಅಲ್ವಾ. ಇದನ್ನು ತಿಳಿದುಕೊಂಡು ತಿಂದರೆ ಗ್ರಿಟ್ಸ್ ರುಚಿಯೇ ಬೇರೆ ಅಂತ ನನ್ನ ಗಂಡನಿಗೆ ಹೇಳುತ್ತಲೇ ಇರುತ್ತೇನೆ.

ಟೆನೆಸ್ಸಿ_ಕನ್ನಡ

ನ್ಯಾಶ್‌ವಿಲ್‌ನಲ್ಲಿ ಇರುತ್ತೇನೆ. ನನಗೆ ಹಾರ್ಲೆಂ ದೂರ, ಮೆಂಫಿಸ್ ಹತ್ತಿರ. ಅಲ್ಲಿ ಏನು ನೋಡಬಹುದು?

ಲೆನಾಕ್ಸ್_ಕೇಳುಗ

ನಿಮಗೆ ಅದೃಷ್ಟ. ಮೆಂಫಿಸ್‌ನಲ್ಲಿ ಸ್ಟ್ಯಾಕ್ಸ್ ಅನ್ನುವ ಸೋಲ್ ರೆಕಾರ್ಡ್ ಕಂಪನಿಯ ಮ್ಯೂಸಿಯಂ ಇದೆ. ಜಿಮ್ ಸ್ಟುವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಸೇರಿ ಒಂದು ಹಳೇ ಸಿನಿಮಾ ಟಾಕೀಸನ್ನು ಸ್ಟುಡಿಯೋ ಮಾಡಿದ್ದರು. ಟಾಕೀಸಿನ ಇಳಿಜಾರು ನೆಲವನ್ನು ಹಾಗೇ ಬಿಟ್ಟಿದ್ದರು. ಅಲ್ಲಿ ಮಾಡಿದ ರೆಕಾರ್ಡುಗಳ ವಿಶೇಷ ಸೌಂಡ್‌ಗೆ ಆ ನೆಲವೂ ಒಂದು ಕಾರಣ ಅನ್ನುತ್ತಾರೆ. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಹಾಡಿದ್ದು ಅಲ್ಲೇ. ಕಪ್ಪು ಬಿಳಿ ಜನ ಒಂದೇ ಟೇಬಲಿನಲ್ಲಿ ಕೂರುವುದೇ ಕಷ್ಟವಾಗಿದ್ದ ಕಾಲದಲ್ಲಿ ಆ ಸ್ಟುಡಿಯೋದ ಬ್ಯಾಂಡ್‌ನಲ್ಲಿ ಇಬ್ಬರೂ ಸೇರಿ ನುಡಿಸುತ್ತಿದ್ದರು. ಹಳೇ ಕಟ್ಟಡವನ್ನು ಕೆಡವಿಬಿಟ್ಟಿದ್ದರು, ಅದೇ ಜಾಗದಲ್ಲಿ 2003ರಲ್ಲಿ ಮ್ಯೂಸಿಯಂ ತೆರೆದರು. ಸ್ಟ್ಯಾಕ್ಸ್ ಗಾಯಕ ಐಸಾಕ್ ಹೇಯ್ಸ್ ಅವರ ಕ್ಯಾಡಿಲಾಕ್ ಕಾರೂ ಒಳಗಿದೆ.

ಅಲ್ಲೇ ಹತ್ತಿರ ದಿ ಫೋರ್ ವೇ ಅನ್ನುವ ಸೋಲ್ ಫುಡ್ (ದಕ್ಷಿಣದ ಕಪ್ಪು ಜನರ ಅಡುಗೆ) ಹೋಟೆಲು, 1946ರದ್ದು. ಮಾರ್ಟಿನ್ ಲೂಥರ್ ಕಿಂಗ್ ಊಟ ಮಾಡಿದ ಜಾಗ. ಸ್ಟ್ಯಾಕ್ಸ್ ಕಲಾವಿದರೂ ಅಲ್ಲಿಗೇ ಹೋಗುತ್ತಿದ್ದರು. ಆಲ್ ಗ್ರೀನ್ ಗೊತ್ತಲ್ಲ, ಹಿಟ್ ಮೇಲೆ ಹಿಟ್ ಕೊಟ್ಟವರು, 1976ರಲ್ಲಿ ಮೆಂಫಿಸ್‌ನಲ್ಲಿ ತಮ್ಮದೇ ಚರ್ಚ್ ಶುರು ಮಾಡಿ ಪಾದ್ರಿಯಾದರು. ಭಾನುವಾರ ಬೆಳಗ್ಗೆ ಆ ಚರ್ಚು, ಆಮೇಲೆ ಊಟ, ಆಮೇಲೆ ಮ್ಯೂಸಿಯಂ ಅಂತ ಇಟ್ಟುಕೊಳ್ಳಬಹುದು. ಮೂರು ಕಡೆಯೂ ಭಾನುವಾರದ ಹೊತ್ತು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಚರ್ಚಿನ ವಿಷಯದಲ್ಲಿ ಕುಂದಾಪ್ರದವರು ಮೇಲೆ ಬರೆದದ್ದನ್ನು ಹಾಗೇ ಪಾಲಿಸಿ.

ಟೆನೆಸ್ಸಿ_ಕನ್ನಡ

ಬರೆದಿಟ್ಟುಕೊಂಡೆ. ಮುಂದಿನ ತಿಂಗಳು ಅತ್ತೆ ಮಾವ ಬರುತ್ತಾರೆ, ಕರೆದುಕೊಂಡು ಹೋಗುತ್ತೇನೆ. ಚಟ್ನಿಪುಡಿ ತರಲು ಈಗಲೇ ಹೇಳಿದ್ದೇನೆ.